ಎಣ್ಣೆ ಬಾಣಲೆ ಇಲ್ಲದೆ ಚಿಕನ್ ಕಟ್ಸು: ನಾಲ್ಕು ಭಾನುವಾರದ ಲೆಕ್ಕ

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿ ಎಂಟು ತಿಂಗಳಾಯಿತು. ಮಂಡ್ಯದ ಪಕ್ಕದ ಊರು ಬಿಟ್ಟು ಈಗ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಕೋಳಿ ತಿನ್ನಿ, ಕರಿದದ್ದು ಮಾತ್ರ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಮುದ್ದೆ, ಕೋಳಿ ಸಾರು ನಡೆಯುತ್ತದೆ. ಆದರೆ ಅಪ್ಪನಿಗೆ ಬೇಕಿರೋದು ಹಲ್ಲಿಗೆ ಸಿಕ್ಕಿ ಕರಕರ ಅನ್ನುವ ಒಂದು ತುಂಡು. ವಾರಕ್ಕೊಮ್ಮೆ ಮಂಡ್ಯ ಪೇಟೆಗೆ ಹೋಗಿ ಗಾಡಿಯ ಮುಂದೆ ನಿಂತು ಕಬಾಬ್ ತಿಂದು ಬರುತ್ತಿದ್ದವರು. ಅದು ನಿಂತ ಮೇಲೆ ಊಟದ ಮೇಲಿನ ಆಸೆಯೇ ಕಮ್ಮಿಯಾಯಿತು. ತಟ್ಟೆ ಮುಂದೆ ಸುಮ್ನೆ ಕೂತಿರುತ್ತಿದ್ದರು. ನೋಡೋಕೆ ಆಗದೆ, ಬಿಸಿ ಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್ ತಂದೆ. 1400 ವ್ಯಾಟ್, ನಾಲ್ಕು ಲೀಟರ್ ಬುಟ್ಟಿ.

ಕಬಾಬನ್ನೇ ಮಾಡಬಹುದಿತ್ತು. ಆದರೆ ಕಬಾಬ್ ಹಿಟ್ಟು ಹಸಿ. ಬಿಸಿ ಎಣ್ಣೆಗೆ ಬಿದ್ದ ಕ್ಷಣ ಅದು ಗಟ್ಟಿಯಾಗುತ್ತದೆ. ಗಾಳಿಯಲ್ಲಿ ಹಾಗೆ ಆಗೋದಿಲ್ಲ, ಬುಟ್ಟಿಯ ತೂತಿಗೆ ಇಳಿದು ಅಂಟಿಕೊಳ್ಳುತ್ತದೆ. ಗಾಳಿಗೆ ಒಣ ಹೊದಿಕೆ ಬೇಕು. ಹಾಗೆ ಹುಡುಕುತ್ತಾ ಹೋಗಿ ನಿಂತಿದ್ದು ಜಪಾನಿನ ಚಿಕನ್ ಕಟ್ಸು ಮುಂದೆ. ಎಲುಬಿಲ್ಲದ ಕೋಳಿಯನ್ನು ತಟ್ಟಿ ತೆಳ್ಳಗೆ ಮಾಡಿ, ಮೈದಾ, ಮೊಟ್ಟೆ, ಬ್ರೆಡ್ ಪುಡಿ ಮೂರನ್ನೂ ಒಂದರ ಮೇಲೊಂದು ಹಚ್ಚೋದು. ಮಸಾಲೆ ಅಂದರೆ ಉಪ್ಪು, ಕಾಳುಮೆಣಸು ಅಷ್ಟೇ.

ಕಟ್ಸು ಅನ್ನೋದು ನಮ್ಮ ಕಟ್ಲೆಟ್ಟೇ. ಇಂಗ್ಲಿಷಿನ ಆ ಪದ ಜಪಾನಿಗರ ಬಾಯಲ್ಲಿ ಕಟ್ಸುರೆತ್ಸು ಆಯಿತು, ಆಮೇಲೆ ಅರ್ಧಕ್ಕೆ ನಿಂತು ಕಟ್ಸು ಆಯಿತು. ಟೋಕಿಯೊದ ಗಿಂಜಾದಲ್ಲಿರುವ ರೆಂಗಾತೆಯ್ ಹೋಟೆಲಿನವರು 1899ರಲ್ಲಿ ಹಂದಿ ಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ, ಜಪಾನಿನ ಬಜ್ಜಿಯಂಥ ಟೆಂಪುರಾ ಥರ ಎಣ್ಣೆಯಲ್ಲಿ ಮುಳುಗಿಸಿ ಕರಿಯೋಕೆ ಶುರುಮಾಡಿದರು. ಕೋಳಿಯದ್ದು ಅದರ ತಮ್ಮ. ರೈಲಿನಲ್ಲಿ ನಾವು ತಿನ್ನುವ ಆಲೂಗಡ್ಡೆ ಕಟ್ಲೆಟ್ ಕೂಡ ಅದೇ ಪದದಿಂದ ಬಂದದ್ದು. ಒಂದೇ ಹೆಸರು ಎರಡು ದೇಶಕ್ಕೆ ಹೋಗಿ ಎರಡು ತಿಂಡಿಯಾಗಿದೆ.

ಮೊದಲ ಭಾನುವಾರ

“ಅಕ್ಕ, ಕಬಾಬ್‌ಗಾ? ಸಣ್ಣದಾಗಿ ಹೊಡೀಲಾ?” ಅಂತ ಕೋಳಿ ಅಂಗಡಿಯವರು ಕೇಳಿದರು.

“ಬೇಡಣ್ಣ, ಎದೆ ಭಾಗ ಇಡೀದೇ ಕೊಡಿ. ಚರ್ಮ ತೆಗೆದುಬಿಡಿ.”

ಎರಡು ತುಂಡು, 450 ಗ್ರಾಂ. ಮನೆಗೆ ತಂದು ಒಂದೊಂದನ್ನೂ ಅಡ್ಡಕ್ಕೆ ಸೀಳಿ ನಾಲ್ಕು ಮಾಡಿದೆ. ಉಪ್ಪು, ಕಾಳುಮೆಣಸಿನ ಪುಡಿ ಹಾಕಿ, ಅಂಗಡಿಯ ಪ್ಯಾಕೆಟ್ ಬ್ರೆಡ್ ಪುಡಿ ಹಚ್ಚಿ, ಮೇಲೆ ಎಣ್ಣೆ ಸ್ಪ್ರೇ ಮಾಡಿ 200 ಡಿಗ್ರಿಗೆ ಇಟ್ಟೆ. 12 ನಿಮಿಷಕ್ಕೆ ಬುಟ್ಟಿ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಇನ್ನೂ 6 ನಿಮಿಷ ಕೊಟ್ಟೆ. ಎಣ್ಣೆಯ ಹನಿ ಬಿದ್ದ ಕಡೆ ಮಾತ್ರ ಮಚ್ಚೆ ಮಚ್ಚೆಯಾಗಿ ಕೆಂಪಾಯಿತು. ಮಿಕ್ಕ ಕಡೆ ಹಸಿ ಮೈದಾ ಹಾಗೇ ಕಾಣುತ್ತಿತ್ತು. ಕತ್ತರಿಸಿದರೆ ಒಳಗೆ ಒಂದು ಹನಿ ರಸ ಇಲ್ಲ.

ಅಪ್ಪ ಪೂರ್ತಿ ತಿಂದರು. ಆಮೇಲೆ ಮೆಲ್ಲಗೆ ಹೇಳಿದರು. “ಮ್ಯಾಲೆ ಹಸಿ ಹಿಟ್ಟು, ಒಳ್ಗೆ ಬರೀ ನಾರು ಕಣವ್ವ. ಬೇಜಾರ್ ಮಾಡ್ಕಬ್ಯಾಡ.”

ಅವತ್ತೇ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಫ್ರೈಯರ್‌ನ ದೊಡ್ಡ ಪಿನ್‌ಗೆ ಕನ್ವರ್ಟರ್ ಹಾಕಿ ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದೆ. ತೆಗೆಯೋಕೆ ಹೋದರೆ ಪಿನ್ ಮುಟ್ಟಲಾರದಷ್ಟು ಬಿಸಿ. 1400 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ 6 ಆಂಪಿಯರ್ ದಾಟುತ್ತದೆ. ಆ ಬೋರ್ಡು ಇರೋದೇ 6 ಆಂಪಿಯರ್‌ಗೆ. ಕನ್ವರ್ಟರ್ ಎತ್ತಿಟ್ಟೆ. ಈಗ ಗ್ರೈಂಡರ್ ಹಾಕುವ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಹಾಕುತ್ತೇನೆ. ನಿಮ್ಮ ಮನೆಯಲ್ಲೂ ಕನ್ವರ್ಟರ್ ಮೇಲೆ ಓಡುತ್ತಿದ್ದರೆ ದಯವಿಟ್ಟು ಇವತ್ತೇ ಬದಲಾಯಿಸಿ.

ಬೇಕರಿಯಲ್ಲಿ ಸಿಕ್ಕ ಉತ್ತರ

ಪ್ಯಾಕೆಟ್ ಪುಡಿ ಚಿರೋಟಿ ರವೆಯಷ್ಟು ನುಣ್ಣಗಿತ್ತು. ಜಪಾನಿನವರು ಬಳಸೋದು ಪಾಂಕೊ. ಅದು ಪುಡಿಯಲ್ಲ, ತುಣುಕು. ಹಗುರ, ಚೂಪು ಚೂಪು, ನಡುವೆ ಜಾಗ ಇರುವಂಥದ್ದು. ಆ ಜಾಗದಿಂದ ಕೋಳಿಯ ಹಬೆ ಹೊರಗೆ ಹೋಗುತ್ತದೆ, ಅದಕ್ಕೇ ಗರಿ ಜಾಸ್ತಿ ಹೊತ್ತು ನಿಲ್ಲುತ್ತದೆ. ನುಣ್ಣನೆ ಪುಡಿ ಒತ್ತೊತ್ತಾಗಿ ಕೂತು ಹಬೆಯನ್ನು ಒಳಗೇ ಹಿಡಿದು ಮೆತ್ತಗಾಗುತ್ತದೆ. ಪಾಂಕೊದ ‘ಪಾನ್’ ಪೋರ್ಚುಗೀಸರು ಜಪಾನಿಗೆ ಕೊಟ್ಟ ಪದ, ಬ್ರೆಡ್ ಅಂತ ಅರ್ಥ. ನಮ್ಮ ಪಾವ್ ಭಾಜಿಯ ಪಾವ್ ಕೂಡ ಅವರದ್ದೇ. ‘ಕೊ’ ಅಂದರೆ ಪುಡಿ. ಕೆಲವು ಪಾಂಕೊ ಕಾರ್ಖಾನೆಗಳಲ್ಲಿ ನಾದಿದ ಹಿಟ್ಟಿನ ಮೂಲಕ ಕರೆಂಟ್ ಹರಿಸಿ ಬ್ರೆಡ್ ಬೇಯಿಸುತ್ತಾರೆ. ಹೊರಗಿನಿಂದ ಬೆಂಕಿ ಇಲ್ಲದ್ದರಿಂದ ಕಂದು ಸಿಪ್ಪೆಯೇ ಬರೋದಿಲ್ಲ. ಇಡೀ ಬ್ರೆಡ್ ಬಿಳಿ.

ಮನೆಯಲ್ಲೇ ಮಾಡೋಣ ಅಂತ ಪಕ್ಕದ ರಸ್ತೆಯ ಅಯ್ಯಂಗಾರ್ ಬೇಕರಿಗೆ ಹೋದೆ.

“ಸ್ವೀಟ್ ಬ್ರೆಡ್ಡಾ, ಸಾಲ್ಟ್ ಬ್ರೆಡ್ಡಾ ಮೇಡಂ?”

ಒಂದು ಕ್ಷಣ ಯೋಚಿಸಿ ಸಾಲ್ಟ್ ಅಂದೆ. ಸಕ್ಕರೆ ಇದ್ದರೆ ಬೇಗ ಕಪ್ಪಾಗುತ್ತದೆ. ಅವರು ಬ್ರೆಡ್ ಕಟ್ಟಿಕೊಡುವಾಗ ಒಳಗೆ ಇನ್ನೊಬ್ಬರು ಒಲೆಯ ಬಾಗಿಲು ತೆಗೆದು, ಮೊಣಕೈವರೆಗೆ ಕೈ ಹಾಕಿ ಬನ್ ತಟ್ಟೆ ಎಳೆಯುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆ ಇತ್ತು ಅಷ್ಟೇ, ತೋಳು ಬರಿದು. ಆ ಒಲೆಯೊಳಗೆ 200 ಡಿಗ್ರಿ ಹತ್ತಿರ ಇದ್ದಿರಬೇಕು. ಅದೇ ತೋಳನ್ನು 100 ಡಿಗ್ರಿಯ ಕುದಿಯುವ ನೀರಿಗೆ ಒಂದು ಸೆಕೆಂಡ್ ಇಡೋಕಾಗುತ್ತಾ?

ಅಲ್ಲೇ ನನಗೆ ಅರ್ಥವಾಗಿದ್ದು. ಗಾಳಿ ಬಿಸಿಯನ್ನು ದಾಟಿಸೋದು ನಿಧಾನ. ಎಣ್ಣೆ ಹಾಗಲ್ಲ, 170 ಡಿಗ್ರಿಯಲ್ಲೇ ತುಣುಕಿನ ಎಲ್ಲ ಮೂಲೆಗೂ ಅಂಟಿಕೊಂಡು ಎರಡು ಮೂರು ನಿಮಿಷಕ್ಕೆ ಬಣ್ಣ ತರುತ್ತದೆ. ಫ್ರೈಯರ್ ಗಾಳಿಯಲ್ಲಿ ಬ್ರೆಡ್ ಕೆಂಪಾಗುವವರೆಗೆ ಕಾದರೆ ಕೋಳಿ ಒಣಗಿ ಹೋಗುತ್ತದೆ. ಕೋಳಿ ಹದವಾದಾಗ ತೆಗೆದರೆ ಬ್ರೆಡ್ ಬಿಳಿ. ಎರಡೂ ಕೆಲಸವನ್ನು ಒಂದೇ ಯಂತ್ರಕ್ಕೆ ಒಂದೇ ಸಲ ಹೇಳಿದ್ದೇ ತಪ್ಪು. ಬಣ್ಣದ ಕೆಲಸ ಬೇರೆ ಕಡೆ ಮೊದಲೇ ಮುಗಿಸಬೇಕು. ಫ್ರೈಯರ್‌ಗೆ ಕೋಳಿ ಬೇಯಿಸುವ ಕೆಲಸ ಮಾತ್ರ ಉಳಿಯಬೇಕು.

ಪಾಂಕೊ ತಯಾರಿ, ಮತ್ತು ಕಾಯಿಲ್‌ಗೆ ಹಾರಿದ ಪುಡಿ

400 ಗ್ರಾಂ ಬ್ರೆಡ್. ಒಂದು ದಿನ ಹಳೆಯದಾಗಲು ಬಿಟ್ಟೆ. ಅಂಚು ಕತ್ತರಿಸಿ ತೆಗೆದು, ಹೋಳುಗಳನ್ನು ಫ್ರೀಜರ್‌ನಲ್ಲಿ 40 ನಿಮಿಷ ಇಟ್ಟೆ. ಗಟ್ಟಿಯಾದ ಮೇಲೆ ಕ್ಯಾರೆಟ್ ಹಲ್ವಕ್ಕೆ ಬಳಸುವ ದಪ್ಪ ಕಣ್ಣಿನ ತುರಿಮಣೆಯಲ್ಲಿ ತುರಿದೆ. ಮಿಕ್ಸಿಗೆ ಮೊದಲು ಎರಡು ಹೋಳು ಹಾಕಿ ನೋಡಿದ್ದೆ. ಬ್ಲೇಡಿನ ಹತ್ತಿರದ್ದು ಹಿಟ್ಟಾಯಿತು, ಮೇಲಿನದ್ದು ಉಂಡೆಯಾಯಿತು. ತುರಿದದ್ದು ಮಾತ್ರ ಉದ್ದುದ್ದ, ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಹಗುರವಾಗಿ ಬಿತ್ತು. ಫ್ರೀಜರ್‌ಗೆ ಇಡೋದನ್ನು ಬಿಡಬೇಡಿ. ಮೆತ್ತನೆ ಬ್ರೆಡ್ ತುರಿಯೋದಿಲ್ಲ, ಬೆರಳಲ್ಲಿ ಹಿಸುಕಿ ಹೋಗುತ್ತದೆ.

ಆಮೇಲೆ ಒಣಗಿಸೋಕೆ ಅಂತ ಅದನ್ನೇ ಏರ್ ಫ್ರೈಯರ್‌ಗೆ ಹಾಕಿ 120 ಡಿಗ್ರಿಗೆ ಇಟ್ಟೆ. ಒಂದೇ ನಿಮಿಷಕ್ಕೆ ಸುಟ್ಟ ವಾಸನೆ. ಒಳಗಿನ ಫ್ಯಾನ್ ತುಣುಕುಗಳನ್ನು ಎತ್ತಿ, ಗಾಳಿ ಕಾಯಿಸುವ ಮೇಲಿನ ಕಾಯಿಲ್‌ಗೆ ಎಸೆದಿತ್ತು. ಪ್ಲಗ್ ತೆಗೆದು, ಪೂರ್ತಿ ತಣ್ಣಗಾಗಲು ಎರಡು ಗಂಟೆ ಬಿಟ್ಟು, ಬುಟ್ಟಿ ತೆಗೆದು ಯಂತ್ರವನ್ನು ತಲೆಕೆಳಗಾಗಿ ಟವೆಲ್ ಮೇಲೆ ಇಟ್ಟೆ. ಒಣಗಿದ ಹಳೆ ಟೂತ್ ಬ್ರಷ್‌ನಿಂದ ಕಾಯಿಲ್ ಸುರುಳಿಯ ಸಂದಿಯಲ್ಲಿ ಒಂದೊಂದೇ ಕರಿ ಚೂರು ತೆಗೆದೆ. ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟೆ. ಕಾಯಿಲ್‌ಗೆ ನೀರು ಸುರಿಯಲೇಬಾರದು. ಖಾಲಿ ಬುಟ್ಟಿಯಲ್ಲಿ ಬಟರ್ ಪೇಪರ್ ಹಾಕಿ ಕಾಯಿಸೋಕೆ ಇಟ್ಟರೂ ಹೀಗೇ ಆಗುತ್ತದೆ, ಪೇಪರ್ ಹಾರಿ ಕಾಯಿಲ್‌ಗೆ ಅಂಟುತ್ತದೆ.

ಮಿಕ್ಕ ತುರಿಯನ್ನು ಮಹಡಿ ಮೇಲೆ ಬಿಸಿಲಿಗೆ ಬಟ್ಟೆಯಲ್ಲಿ ಹರಡಿದೆ. ಮಧ್ಯಾಹ್ನದ ಹೊತ್ತಿಗೆ ಗರಿಯಾಯಿತು. ಅಂಚು ತೆಗೆದು, ನೀರೆಲ್ಲ ಹೋಗಿ, ಉಳಿದದ್ದು 150 ಗ್ರಾಂ ಚಿಲ್ಲರೆ. ನಾಲ್ಕು ತುಂಡಿಗೆ 80 ಗ್ರಾಂ ಸಾಕು.

ಎರಡನೇ, ಮೂರನೇ ಭಾನುವಾರ

ಎರಡನೇ ಸಲ ಪಾಂಕೊ ಹುರಿಯದೆ ಹಚ್ಚಿದೆ. ಬೇಕಂತಲೇ. ಪುಡಿ ಬದಲಾಗಿದ್ದರಿಂದ ಎಷ್ಟು ವ್ಯತ್ಯಾಸ, ಹುರಿದರೆ ಎಷ್ಟು ವ್ಯತ್ಯಾಸ ಅಂತ ಬೇರೆ ಬೇರೆಯಾಗಿ ತಿಳಿಯಬೇಕಿತ್ತು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೂಡ ಬಂದಿತ್ತು. 190 ಡಿಗ್ರಿಯಲ್ಲಿ 10 ನಿಮಿಷಕ್ಕೆ ಒಳಗೆ 75 ಇತ್ತು. ಕೋಳಿ ಬೆಂದಾಯಿತು ಅನ್ನೋಕೆ ಬೇಕಿರೋದು 74. ಮೇಲೆ ಇನ್ನೂ ಬೆಳ್ಳಗೆ. ಗರಿ ಬಂದಿತ್ತು, ಬಣ್ಣ ಬಂದಿರಲಿಲ್ಲ, ಬಣ್ಣದ ಜೊತೆ ಬರುವ ಆ ಹುರಿದ ಘಮವೂ ಇರಲಿಲ್ಲ. ಬೇಕರಿಯಲ್ಲಿ ತಲೆಗೆ ಹೊಳೆದದ್ದು ಸರಿ ಅಂತ ಅವತ್ತು ಅಂಕಿ ಸಮೇತ ಗೊತ್ತಾಯಿತು.

ಮೂರನೇ ಭಾನುವಾರ ಹುರಿದೆ. ದಪ್ಪ ತಳದ ಬಾಣಲೆಗೆ ಒಂದೂವರೆ ಟೇಬಲ್ ಚಮಚ ಕಡಲೆಕಾಯಿ ಎಣ್ಣೆ, 80 ಗ್ರಾಂ ಪಾಂಕೊ, ಸಣ್ಣ ಉರಿ. ಉಪ್ಪಿಟ್ಟಿಗೆ ರವೆ ಹುರಿಯುವ ಕೈ ಇದ್ದರೆ ಸಾಕು, ಇದು ಅದೇ ಕೆಲಸ. ಸೌಟು ನಿಲ್ಲಿಸಬಾರದು. ಮೊದಲ ಮೂರು ನಿಮಿಷ ಏನೂ ಆಗೋದಿಲ್ಲ. ತುಣುಕುಗಳು ಎಣ್ಣೆ ಹೀರಿ ಸ್ವಲ್ಪ ಭಾರವಾಗಿ ಬೀಳುತ್ತವೆ. ಆಮೇಲೆ ಸದ್ದು ಬದಲಾಗುತ್ತದೆ. ಮೆತ್ತಗೆ ಉಜ್ಜುತ್ತಿದ್ದದ್ದು ಒಣ ಎಲೆ ಗುಡಿಸಿದ ಹಾಗೆ ಸರಸರ ಅನ್ನುತ್ತದೆ. ತುದಿಗಳು ಮೊದಲು ಗೋಧಿ ಬಣ್ಣಕ್ಕೆ ತಿರುಗುತ್ತವೆ, ನಡುಭಾಗ ಬೆಳ್ಳಗೇ ಇರುತ್ತದೆ. ಆರೇಳು ನಿಮಿಷಕ್ಕೆ ಎಲ್ಲ ಸೇರಿ ಅಚ್ಚು ಬೆಲ್ಲದ ತಿಳಿ ಬಣ್ಣ. ಅಲ್ಲಿಗೆ ತಕ್ಷಣ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗುತ್ತದೆ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಹೆಜ್ಜೆ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಫ್ರೈಯರ್ ಕೊಡುತ್ತದೆ. ಎಣ್ಣೆ ಹೀರಿದ ತುಣುಕು ಭಾರವಾಗಿರುವುದರಿಂದ ಫ್ಯಾನಿಗೂ ಹಾರೋದಿಲ್ಲ.

ಬಣ್ಣ ಸಿಕ್ಕಿತು. ಆದರೆ ಅವತ್ತು ತಿರುವಿ ಹಾಕುವಾಗ ಎರಡು ತುಂಡಿನ ಹೊದಿಕೆ ಅಂಗಿ ಬಿಚ್ಚಿದ ಹಾಗೆ ಕಳಚಿ ಬುಟ್ಟಿಗೆ ಅಂಟಿಕೊಂಡಿತು. ನನಗೆ ನಿಜಕ್ಕೂ ಬೇಸರವಾಯಿತು. ಕಳಚಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಕೋಳಿಯ ಮೈ ನುಣುಪಾಗಿ ಒದ್ದೆಯಾಗಿತ್ತು. ಅದರ ಮೇಲಿದ್ದ ಮೈದಾ ಗೋಂದಿನ ಪದರದ ಹಾಗೆ ದಪ್ಪಗಿತ್ತು, ಅಂದರೆ ಹಿಟ್ಟು ಜಾಸ್ತಿಯಾಗಿತ್ತು. ತೊಳೆದ ಕೋಳಿಯನ್ನು ನಾನು ಒರೆಸಿರಲಿಲ್ಲ. ಬುಟ್ಟಿಗೆ ಎಣ್ಣೆ ಸವರಿರಲಿಲ್ಲ. ಹಚ್ಚಿದ ಕೂಡಲೇ ಫ್ರೈಯರ್‌ಗೆ ಹಾಕಿದ್ದೆ. ಒಂದೊಂದೂ ಸಣ್ಣದು, ಸೇರಿದರೆ ಹೊದಿಕೆ ನಿಲ್ಲೋದಿಲ್ಲ.

ನಾಲ್ಕನೇ ಭಾನುವಾರ: ಈಗ ನಮ್ಮ ಮನೆಯ ಕ್ರಮ

ಹಿಂದಿನ ರಾತ್ರಿಯೇ ಕೋಳಿಗೆ ಉಪ್ಪು ಹಾಕಿಟ್ಟೆ. ತೂಕದ ನೂರಕ್ಕೆ ಒಂದು ಭಾಗ. 450 ಗ್ರಾಂಗೆ 4.5 ಗ್ರಾಂ, ಅಂದರೆ ಮುಕ್ಕಾಲು ಟೀ ಚಮಚ. ಮುಚ್ಚದೆ ತಟ್ಟೆಯಲ್ಲಿ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಇಟ್ಟೆ. ಉಪ್ಪು ಒಳಗೆ ಇಳಿದರೆ ಬೇಯುವಾಗ ರಸ ನಿಲ್ಲುತ್ತದೆ, ಮೇಲ್ಮೈಯೂ ಒಣಗುತ್ತದೆ.

ಬೆಳಿಗ್ಗೆ, ಕತ್ತರಿಸಿ ಬಿಡಿಸಿ ತೊಳೆದ ಹಾಲಿನ ಕವರ್‌ನ ಎರಡು ಪದರದ ನಡುವೆ ಕೋಳಿ ತುಂಡನ್ನು ಇಟ್ಟು ಲಟ್ಟಣಿಗೆಯಿಂದ ತಟ್ಟಿದೆ. ಹೊಡೆಯೋದಲ್ಲ, ನಡುವಿನಿಂದ ಅಂಚಿಗೆ ತಳ್ಳುವ ಹಾಗೆ ತಟ್ಟೋದು. ಎಲ್ಲ ಕಡೆ ಒಂದೂಕಾಲು ಸೆಂಟಿಮೀಟರ್. ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲ್ ಪಕ್ಕದಲ್ಲಿ ಹಿಡಿದು ಅಳೆದೆ. ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ, ದಪ್ಪದ್ದು ಬೇಯುವಷ್ಟರಲ್ಲಿ ತೆಳುವಾದದ್ದು ಚಕ್ಕೆಯಾಗಿರುತ್ತದೆ.

ಆಮೇಲೆ ಟಿಶ್ಯೂನಿಂದ ಒತ್ತಿ ಒರೆಸಿದೆ. ಮೈದಾದಲ್ಲಿ ಹೊರಳಿಸಿ, ಅಂಗೈ ಮೇಲೆ ತಟ್ಟಿ ಉದುರುವಷ್ಟನ್ನೂ ಉದುರಿಸಿದೆ. ಪೌಡರ್ ಹಚ್ಚಿದ ಮುಖದಷ್ಟು ಉಳಿದರೆ ಸರಿ. ಒಂದು ಮೊಟ್ಟೆ, ಒಂದು ಟೀ ಚಮಚ ಎಣ್ಣೆ, ಒಂದು ಟೀ ಚಮಚ ಮೈದಾ ಸೇರಿಸಿ ಚೆನ್ನಾಗಿ ಕದಡಿ ಅದರಲ್ಲಿ ಅದ್ದಿದೆ. ಕೊನೆಗೆ ಹುರಿದು ಆರಿಸಿದ ಪಾಂಕೊ ಮೇಲೆ ಇಟ್ಟು, ಮೇಲೂ ಸುರಿದು, ಅಂಗೈಯಿಂದ ಮೆಲ್ಲಗೆ ಒತ್ತಿದೆ. ಒಂದು ಕೈ ಒಣಗಿದ್ದಕ್ಕೆ, ಇನ್ನೊಂದು ಕೈ ಒದ್ದೆಗೆ. ಇಲ್ಲದಿದ್ದರೆ ಬೆರಳುಗಳಿಗೇ ಕಟ್ಸು ಆಗುತ್ತದೆ. ಹಚ್ಚಿದ ತುಂಡುಗಳನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟೆ. ಆ ಹತ್ತು ನಿಮಿಷದಲ್ಲಿ ಮೊಟ್ಟೆಯ ತೇವ ಮೈದಾಕ್ಕೂ ಪಾಂಕೊಗೂ ಇಳಿದು ಮೂರೂ ಕಚ್ಚಿಕೊಳ್ಳುತ್ತವೆ.

ಫ್ರೈಯರ್ 190 ಡಿಗ್ರಿಗೆ ಐದು ನಿಮಿಷ ಖಾಲಿ ಕಾಯಿಸಿ, ಬುಟ್ಟಿಯ ಜಾಲರಿಗೆ ಬ್ರಷ್‌ನಿಂದ ಎಣ್ಣೆ ಸವರಿ, ಎರಡೇ ಎರಡು ತುಂಡು ಇಟ್ಟೆ. ನಾಲ್ಕನ್ನೂ ಒಟ್ಟಿಗೆ ತುರುಕಬೇಡಿ, ಒಂದಕ್ಕೊಂದು ತಾಗಿದ ಅಂಚು ಮೆತ್ತಗೇ ಉಳಿಯುತ್ತದೆ. ಬಟರ್ ಪೇಪರ್ ಬೇಡ, ಕೆಳಗಿನ ಗಾಳಿ ನಿಂತು ಹೋಗುತ್ತದೆ. ಆರು ನಿಮಿಷಕ್ಕೆ ಅಗಲ ಚಟ್ಟುಗದಿಂದ ತಿರುವಿ ಹಾಕಿದೆ, ಇಕ್ಕಳದಿಂದ ಅಲ್ಲ. ಇನ್ನೂ ಮೂರು ನಿಮಿಷಕ್ಕೆ ಚುಚ್ಚಿ ನೋಡಿದರೆ 74.

ತೆಗೆದದ್ದನ್ನು ತಟ್ಟೆಯಲ್ಲಿ ಇಡಲಿಲ್ಲ. ಹಬೆ ಕೆಳಗೆ ನಿಂತು ಅಡಿ ಒದ್ದೆಯಾಗುತ್ತದೆ. ಗ್ಯಾಸ್ ಒಲೆಯಲ್ಲಿ ಬದನೆಕಾಯಿ ಸುಡುವ ಜಾಲರಿ ಇದೆಯಲ್ಲ, ಅದರ ಮೇಲೆ ಮೂರು ನಿಮಿಷ ನಿಲ್ಲಿಸಿದೆ. ಆಮೇಲೆ ಚಾಕುವನ್ನು ಎಳೆಯದೆ, ನೇರ ಕೆಳಗೆ ಒತ್ತಿ ಬೆರಳಗಲಕ್ಕೆ ಕತ್ತರಿಸಿದೆ. ಮೊದಲು ಕರಕ್, ಆಮೇಲೆ ಸದ್ದಿಲ್ಲ, ಕೊನೆಗೆ ಹಲಗೆಗೆ ತಾಗುವಾಗ ಇನ್ನೊಂದು ಕರಕ್. ಎರಡನೇ ಕರಕ್ ಕೇಳಿದಾಗ ಅಡಿಯೂ ಗರಿಯಾಗಿದೆ ಅಂತ ಗೊತ್ತಾಯಿತು. ಕತ್ತರಿಸಿದ ಮುಖ ಬಿಳಿಯಾಗಿ, ತೇವವಾಗಿ ಹೊಳೆಯುತ್ತಿತ್ತು.

ಜೊತೆಗೆ ಕೋಸು. ದೇವರಾಜ ಮಾರ್ಕೆಟ್ಟಿನಿಂದ ತಂದ ಗಟ್ಟಿ ಕೋಸನ್ನು ಕೂದಲೆಳೆ ಹಾಗೆ ಹೆಚ್ಚಿ, ಐಸ್ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿದ್ದು. ಬೇಯಿಸೋದಿಲ್ಲ, ಒಗ್ಗರಣೆ ಇಲ್ಲ. ಸಾಸ್‌ಗೆ ಮೂರು ಚಮಚ ಕೆಚಪ್, ಎರಡು ಚಮಚ ವುಸ್ಟರ್ ಸಾಸ್, ಒಂದು ಚಮಚ ಸೋಯಾ ಸಾಸ್, ಒಂದು ಟೀ ಚಮಚ ಬೆಲ್ಲದ ಪುಡಿ. ವುಸ್ಟರ್ ಸಾಸ್ ಸಿಗದಿದ್ದರೆ ಗಟ್ಟಿ ಹುಣಸೆ ರಸಕ್ಕೆ ಚಿಟಿಕೆ ಲವಂಗದ ಪುಡಿ, ಕಾಳುಮೆಣಸು ಹಾಕಿ. ಆ ಸಾಸ್‌ನಲ್ಲೇ ಹುಣಸೆ ಇರುವುದರಿಂದ ಹತ್ತಿರದ ರುಚಿ ಬರುತ್ತದೆ. ಅಪ್ಪನಿಗೆ ಮಾತ್ರ ಸಾಸ್ ಒಂದೇ ಚಮಚ, ಸೋಯಾದಲ್ಲಿ ಉಪ್ಪು ಜಾಸ್ತಿ. ಅನ್ನ ಮಾಮೂಲಿ ಸೋನಾ ಮಸೂರಿ. ಜಪಾನಿನ ಅನ್ನ ಅಂಟಂಟು, ಅದು ಇಲ್ಲದೆಯೂ ನಮ್ಮ ಊಟಕ್ಕೆ ಏನೂ ಕೊರತೆಯಾಗಲಿಲ್ಲ.

ಎಣ್ಣೆಯ ಲೆಕ್ಕ ಹಾಕಿದೆ. ಹುರಿಯಲು ಒಂದೂವರೆ ಟೇಬಲ್ ಚಮಚ, ಮೊಟ್ಟೆಗೆ ಒಂದು ಟೀ ಚಮಚ, ಜಾಲರಿಗೆ ಸವರಿದ್ದು ಸ್ವಲ್ಪ. ಪಾಂಕೊ ಒಂದಷ್ಟು ಉಳಿಯಿತು, ಮೊಟ್ಟೆಯೂ ಉಳಿಯಿತು. ಒಂದು ತುಂಡಿಗೆ ಒಂದೂವರೆ ಟೀ ಚಮಚದ ಒಳಗೇ. ಕರಿಯೋದಾದರೆ ನಮ್ಮ ಬಾಣಲೆಗೆ ಅರ್ಧ ಲೀಟರ್ ಸುರಿಯಬೇಕಿತ್ತು.

ಅಪ್ಪ ಮೊದಲ ತುಂಡು ಕಚ್ಚಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡನೆಯದು ತಗೊಂಡರು.

“ಎಣ್ಣೆಗೆ ಬಿಟ್ಟಿಲ್ಲ ಅಂತೀಯ?”

“ಇಲ್ಲಪ್ಪ.”

“ಸದ್ದು ಮಾತ್ರ ಎಣ್ಣೇದೇ ಕಣವ್ವ.”

ಈಗ ಒಂದೇ ಸಲ ಎಂಟು ತುಂಡಿಗೆ ಹಚ್ಚಿ, ನಾಲ್ಕನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ಹಾಕಿಡುತ್ತೇನೆ. ಕರಗಿಸದೆ ನೇರವಾಗಿ 180 ಡಿಗ್ರಿಗೆ ಹಾಕಿದರೆ ನಮ್ಮ ಯಂತ್ರದಲ್ಲಿ 15 ನಿಮಿಷ ಬೇಕು. ಆಗಲೂ ಚುಚ್ಚಿ 74 ನೋಡಿಯೇ ತೆಗೆಯುತ್ತೇನೆ. ಬ್ರೆಡ್ ತುರಿಯುವ ಕೆಲಸ ಈಗ ಅಪ್ಪನದು. ಶನಿವಾರ ಬೆಳಿಗ್ಗೆ ತುರಿಮಣೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಒಗೆದ ಬಿಳಿ ಪಂಚೆಯ ಮೇಲೆ ತುರಿ ಹರಡಿ, ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು, ಪೇಪರ್ ಓದುತ್ತಾ ಕಾಗೆ ಕಾಯುತ್ತಾರೆ.